ಗಲ್ಲಾದಲ್ಲಿ ಸಿಗದ ಕ್ಯಾಶ್

ಮಾಟುಂಗಾದಲ್ಲಿ ಮಾವನ ಹೋಟೆಲ್ ಇದೆ. ಮಾವ ಅಂದರೆ ಅಮ್ಮನ ಅಣ್ಣ. ಹದಿನಾರನೇ ವಯಸ್ಸಿಗೆ ಕುಂದಾಪುರದಿಂದ ಬಸ್ಸು ಹತ್ತಿ ಬಂದವರು. ಲೋಟ ತೊಳೆಯುವುದರಿಂದ ಶುರು ಮಾಡಿ ಈಗ ಗಲ್ಲಾದಲ್ಲಿ ಕೂತಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಅವರೆದುರು ನಿಂತು, "ಮಾವ, ಕ್ಯಾಶ್ ಹುಡುಕಲಿಕ್ಕೆ ಒಂದು ಜಿಪಿಎಸ್ ಯಂತ್ರ ತಗೊಳ್ಳಬೇಕು ಅಂತಿದ್ದೇನೆ" ಎಂದೆ. ಅವರು ನೋಟು ಎಣಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಕ್ಯಾಶ್ ಹುಡುಕಲಿಕ್ಕೆ ಯಂತ್ರವಾ? ಐವತ್ತು ವರ್ಷದಿಂದ ನಾನು ಬರಿಗೈಲಿ ಹುಡುಕ್ತಾ ಇದ್ದೇನೆ ಮಾರಾಯ."

ತಪ್ಪು ಅವರದಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಕಾಗುಣಿತ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಕ್ಯಾಶ್. ನಾನು ಹೇಳಿದ ಕ್ಯಾಶ್ ಅಂದರೆ ಯಾರೋ ಬಚ್ಚಿಟ್ಟ ಡಬ್ಬಿ. ಇಟ್ಟವರು ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿರುವ ಚೀಟಿಯಲ್ಲಿ ಹೆಸರು, ತಾರೀಕು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರುವುದು. ಒಳಗೆ ಚಿಕ್ಕಪುಟ್ಟ ಸಾಮಾನಿದ್ದರೆ ಒಂದನ್ನು ತೆಗೆದುಕೊಳ್ಳಬಹುದು. ಆದರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಆಟ ಇಷ್ಟೇ. ಹೆಸರು ಜಿಯೋಕ್ಯಾಶಿಂಗ್.

"ಯಾರಿಗೆ ಬಂತು ಇಂಥ ಯೋಚನೆ?" ಎಂದರು ಮಾವ. ಅದನ್ನೂ ಹೇಳಿದೆ. 2000ನೇ ಇಸವಿಯವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಸ್ವಲ್ಪ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಆ ವರ್ಷ ಮೇ 2ರಂದು ಅದನ್ನು ನಿಲ್ಲಿಸಿದರು. ಮರುದಿನವೇ ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಕಾಡಿನಂಚಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಜಾಗವನ್ನು ಇಂಟರ್ನೆಟ್‌ನಲ್ಲಿ ಬರೆದರು. ಒಳಗೆ ಪುಸ್ತಕ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇತ್ಯಾದಿ ಇದ್ದವು. ಈಗ ಪ್ರಪಂಚದಲ್ಲಿ ಮೂವತ್ತು ಲಕ್ಷಕ್ಕೂ ಜಾಸ್ತಿ ಡಬ್ಬಿಗಳಿವೆ.

ಮಾವನಿಗೆ ಉಳಿದದ್ದು ಒಂದೇ ಪ್ರಶ್ನೆ. "ಬೀನ್ಸ್ ಹಾಳಾಗಲಿಲ್ಲವಾ?"

ಮುಂಬೈಯಲ್ಲಿ ಈ ಆಟಕ್ಕೆ ಇನ್ನೊಂದು ತೊಡಕಿದೆ. ನಾನು ದಿನಾ ಡೊಂಬಿವಲಿಯಿಂದ ಲೋಕಲ್‌ನಲ್ಲಿ ಬರುವವನು. ಬೇವಾರಸಿ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂಬ ಮಾತನ್ನು ಸ್ಟೇಷನ್ನಿನಲ್ಲಿ ಮೂರು ಭಾಷೆಗಳಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ. ಜಿಯೋಕ್ಯಾಶಿಂಗ್ ಅಂದರೆ ರಜೆ ಹಾಕಿ, ದುಡ್ಡು ಖರ್ಚು ಮಾಡಿ, ಆ ಬೇವಾರಸಿ ವಸ್ತುವನ್ನೇ ಹುಡುಕಿ ಮುಟ್ಟುವುದು! ಈ ಊರು ಕಂಡಿರುವುದನ್ನು ಕಂಡ ಮೇಲೆ, ಸೇತುವೆ ಕೆಳಗೋ ಸ್ಟೇಷನ್ ಪಕ್ಕದಲ್ಲೋ ಟಿಫಿನ್ ಡಬ್ಬಿ ಬಚ್ಚಿಡುವ ಧೈರ್ಯ ನನಗಿಲ್ಲ. ಕೋಟೆ, ಗುಹೆಗಳ ಕಲ್ಲು ಸರಿಸಿ ಇಡುವುದೂ ಸರಿಯಲ್ಲ. ಹಾಗಾಗಿ ನನ್ನ ಆಟದ ಬಯಲು ಊರಾಚೆಗೆ. ಕರ್ಜತ್ ಕಡೆಯ ಗುಡ್ಡಗಳು, ಪುಣೆಯ ಸುತ್ತಿನ ಬೆಟ್ಟಗಳು, ಪರವಾನಗಿ ಕೊಟ್ಟವರ ಜಮೀನು. ಯಂತ್ರದ ಆಯ್ಕೆಗೂ ಇದಕ್ಕೂ ಸಂಬಂಧ ಇದೆ. ಮೊದಲು ಅದು ಹೊಳೆದಿರಲಿಲ್ಲ.

ಮೊಬೈಲ್ ಇರುವಾಗ ಬೇರೆ ಯಂತ್ರ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಶುರು ಮಾಡುವವರಿಗೆ ನನ್ನ ಮೊದಲ ಮಾತೂ ಅದೇ: ಏನನ್ನೂ ಕೊಳ್ಳಬೇಡಿ. ಆಂಡ್ರಾಯ್ಡ್ ಫೋನಿಗೆ ಸಿ:ಜಿಯೋ ಎಂಬ ಆ್ಯಪ್ ಬಿಟ್ಟಿ ಸಿಗುತ್ತದೆ. ನಾಲ್ಕು ಡಬ್ಬಿ ಹುಡುಕಿ ನೋಡಿ. ಇಷ್ಟವಾಗದಿದ್ದರೆ ಖರ್ಚಿಲ್ಲ. ಈಗಿನ ಕೆಲವು ಫೋನುಗಳು ಎರಡು ತರಂಗಾಂತರಗಳಲ್ಲಿ ಸಂಕೇತ ಹಿಡಿಯುತ್ತವೆ. ಬಯಲಿನಲ್ಲಿ ಅವು ಹಳೆಯ ಜಿಪಿಎಸ್ ಯಂತ್ರಗಳನ್ನೂ ಮೀರಿಸುತ್ತವೆ.

ನಾನೂ ಫೋನಿನಲ್ಲೇ ಶುರು ಮಾಡಿದ್ದು. 2022ರ ಜುಲೈನಲ್ಲಿ ಒಂದು ದಿನ ನೇರಳ್ ಹತ್ತಿರದ ಗುಡ್ಡ ಹತ್ತಿದೆ. ಸಹ್ಯಾದ್ರಿಯ ಮಳೆ ಗೊತ್ತಲ್ಲ, ಮೇಲಿನಿಂದ ಮಾತ್ರ ಬರುವುದಿಲ್ಲ, ಕಣಿವೆಯಿಂದ ಮೇಲಕ್ಕೂ ಬರುತ್ತದೆ. ಫೋನನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿದ್ದೆ. ಒದ್ದೆ ಪರದೆ ಬೆರಳಿಗೆ ಮಾತು ಕೇಳಲಿಲ್ಲ, ಮಳೆಹನಿಗೆ ಕೇಳಿತು. ನಕ್ಷೆ ತನ್ನಷ್ಟಕ್ಕೇ ದೊಡ್ಡದಾಗಿ, ಚಿಕ್ಕದಾಗಿ, ಒಮ್ಮೆ ಅರಬ್ಬಿ ಸಮುದ್ರಕ್ಕೇ ಹೋಗಿ ನಿಂತಿತು. ಸಂಜೆ ಸ್ಟೇಷನ್ನಿಗೆ ಬಂದಾಗ ಬ್ಯಾಟರಿ ನಾಲ್ಕು ಪರ್ಸೆಂಟ್. ವಾಪಸ್ ಟಿಕೆಟ್ ಫೋನಿನಲ್ಲೇ ಇತ್ತು. ಡೊಂಬಿವಲಿವರೆಗೆ ಟಿಸಿ ಬರದಿರಲಿ ಅಂತ ಕೊಲ್ಲೂರು ಮೂಕಾಂಬಿಕೆಗೆ ಹೇಳಿಕೊಂಡೆ. ದಾರಿ ತೋರಿಸುವ ಕೆಲಸಕ್ಕೆ ಬೇರೆ ಯಂತ್ರವೇ ಇರಲಿ ಅಂತ ಅವತ್ತು ತೀರ್ಮಾನ ಆಯಿತು. ಹೆಂಡತಿ ಕೊಟ್ಟ ಬಜೆಟ್ ಎಂಟು ಸಾವಿರ.

ಚೌತಿಯ ಹಿಂದಿನ ವಾರ ಮೊದಲ ಪೆಟ್ಟು ತಿಂದೆ. ಲ್ಯಾಮಿಂಗ್ಟನ್ ರಸ್ತೆಯ ಓಣಿಯೊಂದರಲ್ಲಿ ಹಳೆಯ ಯಂತ್ರವೊಂದು ಮೂರೂವರೆ ಸಾವಿರಕ್ಕೆ ಸಿಕ್ಕಿತು. ನೋಡಲು ಗಟ್ಟಿಮುಟ್ಟು. ಅಂಗಡಿಯವನು ಸೆಲ್ ಹಾಕಿ ತೋರಿಸಿದ, ಪರದೆ ಬೆಳಗಿತು, ನಾನು ದುಡ್ಡು ಕೊಟ್ಟೆ. ಅಂಗಡಿಯೊಳಗೆ ಉಪಗ್ರಹ ಸಿಗುವುದಿಲ್ಲ ಸಾಹೇಬ್ ಅಂದ. ಅದು ನಿಜವೇ. ಹೊರಗೆ ಬಂದು ಹತ್ತು ನಿಮಿಷ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಮನೆಯ ಟೆರೇಸಿನಲ್ಲಿ ಇಟ್ಟೆ. ತುಂಬಾ ದಿನ ಮಲಗಿದ್ದ ಯಂತ್ರ ಎಚ್ಚರವಾಗಲು ಸಮಯ ಬೇಕು. ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗವನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಕಾದೆ. ಜಾಗ ಸರಿಯಾಗಿ ತೋರಿಸಿತು. ತಾರೀಕು ಮಾತ್ರ 2003ರ ಜನವರಿ.

ಮೊದಲು ಸೆಟ್ಟಿಂಗ್ ತಪ್ಪಿದೆ ಅಂದುಕೊಂಡೆ. ಅಸಲಿಗೆ ಜಿಪಿಎಸ್ ವಾರಗಳನ್ನು ಲೆಕ್ಕ ಇಡುತ್ತದೆ. ಹಳೆಯ ಸಂಕೇತದಲ್ಲಿ ಆ ಲೆಕ್ಕ 1023ರವರೆಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಗಲ್ಲಾದ ರಸೀದಿ ಪುಸ್ತಕ ಮುಗಿದು ಹೊಸದು ಒಂದರಿಂದ ಶುರುವಾಗುತ್ತದಲ್ಲ, ಹಾಗೆ. 2019ರ ಏಪ್ರಿಲ್ 6ರಂದು ಹೀಗೆ ಸೊನ್ನೆಗೆ ಬಂತು. ಸಾಫ್ಟ್‌ವೇರ್ ಬದಲಾಗದ ಹಳೆಯ ಯಂತ್ರಗಳು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋದವು. ದಾರಿ ತೋರಿಸಲು ಇದರಿಂದ ತೊಂದರೆ ಇಲ್ಲ. ಆದರೆ ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಇದೊಂದು ಒಳ್ಳೆಯ ಗುರುತು. ತಾರೀಕು ಇಪ್ಪತ್ತು ವರ್ಷ ಹಿಂದಿದ್ದರೆ ಒಳಗಿನ ಚಿಪ್ಪೂ ಸಾಮಾನ್ಯವಾಗಿ ಆ ಕಾಲದ್ದೇ.

ಆ ಕಾಲದ ಚಿಪ್ ಅಂದರೆ ಏನು ಅಂತ ನೇರಳ್ ಗುಡ್ಡದಲ್ಲಿ ಗೊತ್ತಾಯಿತು. ಉಪಗ್ರಹಗಳು ಇರುವುದು 20,200 ಕಿಲೋಮೀಟರ್ ಮೇಲೆ. ಕೆಳಗೆ ಬರುವಷ್ಟರಲ್ಲಿ ಸಂಕೇತ ಬಡಕಲಾಗಿರುತ್ತದೆ. ಒದ್ದೆ ಎಲೆಗಳ ಚಪ್ಪರ ಅದನ್ನು ಇನ್ನಷ್ಟು ನುಂಗುತ್ತದೆ. ಜಾಗ ಹೇಳಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ನನ್ನ ಯಂತ್ರ ಬಯಲಿನಲ್ಲಿ ಏಳು ಹಿಡಿಯುತ್ತಿತ್ತು, ಮರಗಳ ಕೆಳಗೆ ಎರಡು. 2005ರ ಆಚೀಚೆ ಜಾಸ್ತಿ ಸೂಕ್ಷ್ಮತೆಯ ಚಿಪ್‌ಗಳು ಬಂದ ಮೇಲೆ ಈ ಗೋಳು ಬಹಳ ಕಡಿಮೆಯಾಯಿತು. ಅದಕ್ಕಿಂತ ಹಿಂದಿನದನ್ನು ಬಿಟ್ಟಿ ಕೊಟ್ಟರೂ ಮಲೆನಾಡಿಗೆ, ಸಹ್ಯಾದ್ರಿಗೆ ಒಯ್ಯಬೇಡಿ. ಅದರ ಕೇಬಲ್ಲೂ ಹಳೇ ಕಾಲದ್ದು, ನನ್ನ ಲ್ಯಾಪ್‌ಟಾಪಿಗೆ ಹೊಂದುವ ಕಿಂಡಿಯೇ ಇಲ್ಲ. ಪ್ರತಿ ಅಂಕಿಯನ್ನೂ ಗುಂಡಿ ಒತ್ತಿ ಒತ್ತಿ ತುಂಬಬೇಕು. ಈಗ ಅದು ಮಗಳ ಆಟದ ಡಬ್ಬದಲ್ಲಿದೆ. ಗೊಂಬೆಗಳಿಗೆ ದಾರಿ ತೋರಿಸುತ್ತದೆ.

ಉಳಿದದ್ದು ನಾಲ್ಕೂವರೆ ಸಾವಿರ. ಈ ಸಲ ಹುಷಾರಾಗಿ ಓದಲು ಕೂತೆ. ತಿಂಗಳುಗಟ್ಟಲೆ, ರಾತ್ರಿ ಊಟ ಮುಗಿಸಿ. ಎಲ್ಲ ಓದಿನ ನಡುವೆ ನಾನು ಹುಡುಕುತ್ತಿದ್ದದ್ದು ಒಂದೇ: ಯಾವುದು ಜಾಸ್ತಿ ನಿಖರ? ಇದು ಮೂರು ಮೀಟರ್ ಅನ್ನುತ್ತದೆ, ಅದು ಐದು. ಎರಡು ಮೀಟರಿಗೆ ಹತ್ತು ಸಾವಿರ ಜಾಸ್ತಿ ಕೊಡಬೇಕಾ?

ಗಂಟು ಬಿಡಿಸಿದ್ದು ಮಾವ. ಅವರಿಗೆ ಜಿಪಿಎಸ್ ಗೊತ್ತಿಲ್ಲ, ಅಳತೆ ಗೊತ್ತು. ಗಲ್ಲಾ ಪಕ್ಕ ಕೂತು ನನ್ನ ಕಷ್ಟ ಹೇಳುತ್ತಿದ್ದೆ. "ಡಬ್ಬಿ ಇಟ್ಟವ ಜಾಗ ಹೇಗೆ ಅಳೆದದ್ದು?" ಅಂತ ಕೇಳಿದರು. ಅವನ ಜಿಪಿಎಸ್‌ನಲ್ಲೇ ಎಂದೆ. "ಹಾಗಾದರೆ ಅವನದ್ದೂ ತಪ್ಪುತ್ತದೆ ಅಲ್ವಾ? ಅಕ್ಕಿ ಅಳೆದವನ ಸೇರೇ ಸೋರುತ್ತಿದ್ದರೆ, ಬೇಳೆಗೆ ಬೆಳ್ಳಿ ಸೇರು ತಂದು ಏನು ಮಾಡ್ತಿ?"

ಕಾಫಿ ಲೋಟ ಅಲ್ಲೇ ನಿಂತಿತು. ಹೌದಲ್ಲ! ಇಟ್ಟವನ ಯಂತ್ರ ನಾಲ್ಕು ಮೀಟರ್ ಆಚೆ ಹೋಗಿರಬಹುದು, ನನ್ನದು ನಾಲ್ಕು ಮೀಟರ್ ಈಚೆ ಬರಬಹುದು. ಕೆಟ್ಟ ದಿನವಾದರೆ ಎಂಟು ಮೀಟರ್. ನನ್ನದು ಎಷ್ಟೇ ದುಬಾರಿ ಆದರೂ ಅವನ ನಾಲ್ಕು ಮೀಟರ್ ನನ್ನ ಕೈಲಿಲ್ಲ. ಕೊನೆಯ ಹತ್ತು ಮೀಟರಿನಲ್ಲಿ ಯಂತ್ರವನ್ನು ಜೇಬಿಗಿಟ್ಟು ಕಣ್ಣಿನಿಂದ ಹುಡುಕಲೇಬೇಕು. ಸಾಲಾಗಿ ಜೋಡಿಸಿದಂತೆ ಕಾಣುವ ಕಲ್ಲು, ಮರದ ಪೊಟರೆ, ಅಲ್ಲಿರಬಾರದ ಒಂದು ಹೆಂಚಿನ ಚೂರು. ಹೊಸ ಚಿಪ್ ಇದ್ದರೆ ಸಾಕು, ಅದರ ಮೇಲೆ ನಿಖರತೆಗೆ ದುಡ್ಡು ಹಾಕುವುದು ದಂಡ.

ದುಡ್ಡು ಹಾಕಬೇಕಾದದ್ದು ಮಳೆಗೆ. ಒದ್ದೆ ಕೈಯಲ್ಲಿ ಒತ್ತಲು ನಿಜವಾದ ಗುಂಡಿಗಳು ಬೇಕು. ನೀರು ಒಳಗೆ ಹೋಗಬಾರದು. ಇಂಥ ಯಂತ್ರಗಳ ಮೇಲೆ ಐಪಿಎಕ್ಸ್7 ಅಂತ ಬರೆದಿರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು. ಮತ್ತೆ ಪೆನ್ಸಿಲ್ ಸೆಲ್. ಇದರ ಬಗ್ಗೆ ನನಗೆ ಹಟವೇ ಇದೆ. ಒಳಗೇ ಬ್ಯಾಟರಿ ಇರುವ ಯಂತ್ರ ಗುಡ್ಡದಲ್ಲಿ ಸತ್ತರೆ ಕಥೆ ಮುಗಿಯಿತು. ಪೆನ್ಸಿಲ್ ಸೆಲ್ ಯಾವ ಹಳ್ಳಿಯ ಗೂಡಂಗಡಿಯಲ್ಲೂ ಬೀಡಿ, ಬೆಂಕಿಪೊಟ್ಟಣದ ಪಕ್ಕ ಸಿಗುತ್ತದೆ. ದಿನಾ ಬಳಸಲು ಚಾರ್ಜ್ ಆಗುವ ಸೆಲ್ ಸಾಕು. ಆದರೆ ಮೆನುವಿನಲ್ಲಿ ಸೆಲ್ ಯಾವ ಜಾತಿಯದ್ದು ಅಂತ ಹೇಳಬೇಕು. ಚಾರ್ಜ್ ಆಗುವುದು 1.2 ವೋಲ್ಟ್, ಸಾದಾ ಸೆಲ್ 1.5. ಹೇಳದಿದ್ದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಅನ್ನುತ್ತದೆ.

ಇಷ್ಟು ಗೊತ್ತಾದ ಮೇಲೆ ಪಟ್ಟಿ ತಾನಾಗಿ ಸಣ್ಣದಾಯಿತು. ಗಾರ್ಮಿನ್ ಎಂಬ ಜಿಪಿಎಸ್ ಕಂಪನಿಯವರ ಇಟ್ರೆಕ್ಸ್ ಸಾಲು ಕಣ್ಣಿಗೆ ಬಿತ್ತು. 2011ರಲ್ಲಿ ಬಂದ ಇಟ್ರೆಕ್ಸ್ 10 ಕಪ್ಪು ಬಿಳುಪಿನದ್ದು. ಎರಡು ಪೆನ್ಸಿಲ್ ಸೆಲ್ಲಿಗೆ 25 ಗಂಟೆ ಅಂತ ಕಂಪನಿ ಹೇಳುತ್ತದೆ. ಸೆಲ್ ಸೇರಿ ತೂಕ 140 ಗ್ರಾಂ ಚಿಲ್ಲರೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ಹಾಗೆ ತೆರೆದುಕೊಳ್ಳುತ್ತದೆ, ಡಬ್ಬಿಗಳ ಜಾಗ, ವಿವರ ತುಂಬಿದ ಜಿಪಿಎಕ್ಸ್ ಫೈಲ್ ಎಳೆದು ಹಾಕಿದರೆ ಮುಗಿಯಿತು. ಡಬ್ಬಿಯ ಹೆಸರು, ವಿವರ, ಸುಳಿವು ಎಲ್ಲ ಪರದೆಯಲ್ಲಿ ಓದಬಹುದು. ಆದರೆ ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ, ವಿವರವಾದ ನಕ್ಷೆ ಹಾಕಲು ಆಗುವುದಿಲ್ಲ. 2019ರ ಇಟ್ರೆಕ್ಸ್ 22ಎಕ್ಸ್‌ನಲ್ಲಿ ಬಣ್ಣದ ಪರದೆ, ಕಾರ್ಡ್ ಎರಡೂ ಉಂಟು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಬಿಟ್ಟಿ ನಕ್ಷೆ ಹಾಕಿಕೊಳ್ಳಬಹುದು. 32ಎಕ್ಸ್‌ನಲ್ಲಿ ಅದರ ಜೊತೆಗೆ ದಿಕ್ಸೂಚಿ, ಎತ್ತರ ಅಳೆಯುವ ಬ್ಯಾರೋಮೀಟರ್. 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇ ಕಪ್ಪು ಬಿಳುಪಾದರೂ ದಿಕ್ಸೂಚಿ ಇದೆ, ಫೋನಿನ ಮೂಲಕ ಡಬ್ಬಿಗಳ ಪಟ್ಟಿ ತಾನೇ ತರಿಸಿಕೊಳ್ಳುತ್ತದೆ. ಇವತ್ತು ಹೊಸದನ್ನು ಕೊಳ್ಳುವವರಿಗೆ ನಾನು ಮೊದಲು ಅದನ್ನೇ ನೋಡಿ ಎನ್ನುತ್ತೇನೆ. ನಾನು ಹುಡುಕುವಾಗ ಅದು ಬಂದಿರಲಿಲ್ಲ.

ದಿಕ್ಸೂಚಿ ಇರಲೇಬೇಕಾ ಎಂಬುದು ದೊಡ್ಡ ಚರ್ಚೆ. ಅದಿಲ್ಲದ ಯಂತ್ರಕ್ಕೆ ನೀವು ನಡೆಯುತ್ತಿದ್ದರೆ ಮಾತ್ರ ದಿಕ್ಕು ತಿಳಿಯುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋದದ್ದನ್ನು ನೋಡಿ, ಓಹೋ, ಇವನು ಈ ಕಡೆ ಹೊರಟಿದ್ದಾನೆ ಅಂತ ಲೆಕ್ಕ ಹಾಕುತ್ತದೆ. ನಿಂತರೆ ಬಾಣ ದಿಕ್ಕೆಟ್ಟು ಸುತ್ತುತ್ತದೆ. ನಿಲ್ಲುವುದು ಯಾವಾಗ? ಡಬ್ಬಿಯ ಹತ್ತಿರ ಬಂದಾಗಲೇ! ಉಪಾಯ ಏನೆಂದರೆ ಮೂವತ್ತು ಹೆಜ್ಜೆ ಹಿಂದೆ ಹೋಗಿ, ನೇರ ನಡೆದು, ಬಾಣ ತೋರಿಸಿದ ಗೆರೆಯನ್ನು ಮನಸ್ಸಿನಲ್ಲಿ ಎಳೆಯುವುದು. ಆಮೇಲೆ ಅಡ್ಡದಿಂದ ಬಂದು ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಹುಡುಕುವುದು. ನನ್ನ ಬಜೆಟ್ಟಿಗೆ ಈ ನಡಿಗೆ ಸರಿಹೋಯಿತು. ಮೊಣಕಾಲು ನೋವಿರುವವರು ದಿಕ್ಸೂಚಿ ಇರುವುದನ್ನೇ ಕೊಳ್ಳಿ.

ಒಂದು ಎಚ್ಚರಿಕೆ. ಕೆಲವು ಯಂತ್ರಗಳು ಉಪಗ್ರಹದ ಮೂಲಕ ಮೆಸೇಜ್ ಕಳಿಸುತ್ತವೆ. ಗಾರ್ಮಿನ್‌ನಲ್ಲಿ ಇನ್‌ರೀಚ್ ಎಂಬ ಹೆಸರಿರುವವು. ವಿದೇಶದಿಂದ ಬರುವ ನೆಂಟರು ತಂದುಕೊಡುತ್ತೇನೆ ಅಂದರೂ ಬೇಡ ಅನ್ನಿ. ನಮ್ಮ ದೇಶದಲ್ಲಿ ಸರ್ಕಾರದ ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಗೋವಾದ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗರು ಇದರಿಂದಲೇ ಸಿಕ್ಕಿಬಿದ್ದಿದ್ದಾರೆ. ಸಂಕೇತ ಪಡೆಯುವುದಷ್ಟೇ ಮಾಡುವ ಸಾದಾ ಜಿಪಿಎಸ್‌ಗೆ ಆ ತಾಪತ್ರಯ ಇಲ್ಲ.

ನವೆಂಬರಿನಲ್ಲಿ ಪುಣೆಯ ಚಾರಣಿಗರೊಬ್ಬರು ಇಟ್ರೆಕ್ಸ್ 10 ಮಾರುತ್ತಿದ್ದಾರೆ ಅಂತ ಆಫೀಸಿನ ಗೆಳೆಯ ಹೇಳಿದ. ಅವರು ಕೇಳಿದ್ದು ಐದು ಸಾವಿರ, ನಾಲ್ಕಕ್ಕೆ ಇಳಿಯಿತು. ಕಲ್ಯಾಣದಿಂದ ಇಂದ್ರಾಯಣಿ ರೈಲು ಹಿಡಿದು ಶಿವಾಜಿನಗರದಲ್ಲಿ ಇಳಿದೆ. ಈ ಸಲ ಅಂಗಡಿ ಇಲ್ಲ, ಗೋಡೆ ಇಲ್ಲ. ಜಂಗ್ಲಿ ಮಹಾರಾಜ್ ರಸ್ತೆಯ ಸಂಭಾಜಿ ಉದ್ಯಾನದಲ್ಲಿ ಮರದ ಕೆಳಗೇ ಭೇಟಿ. ಹಿಂಬದಿ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿದೆ, ಹಸಿರು ಕಿಲುಬು ಇಲ್ಲ. ರಬ್ಬರ್ ಎಲ್ಲೂ ಅಂಟಂಟಾಗಿಲ್ಲ. ಯುಎಸ್‌ಬಿ ಕಿಂಡಿಯ ಮುಚ್ಚಳ ಗಟ್ಟಿ ಇದೆ. ತಾರೀಕು ಅವತ್ತಿನದೇ. ನಾನೇ ತಂದಿದ್ದ ಸೆಲ್ ಹಾಕಿ, ಬೆಂಚಿನ ಮೇಲೆ ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟೆವು. ನಡೆದ ದಾರಿ ದಾಖಲಿಸುವ ಆಯ್ಕೆ ಆನ್ ಮಾಡಿದ್ದೆ. ಕೂತಲ್ಲೇ ಇದ್ದ ಯಂತ್ರ ತಾನು ಎಷ್ಟು ತಿರುಗಿದೆ ಅಂತ ಗೀಚುತ್ತದೋ, ಅದೇ ಅದರ ತಪ್ಪು. ನಮ್ಮದು ಬೆಂಚಿನ ಆಚೀಚೆ ಸಣ್ಣ ಗುಬ್ಬಿಗೂಡಿನಷ್ಟು ಗೀಚಿತ್ತು. ಮಾರುವವರು ಇದನ್ನೆಲ್ಲ ನೋಡಿ ನಕ್ಕು, "ಹುಡುಗಿ ನೋಡಲು ಬಂದ ಹಾಗಿದೆ" ಎಂದು ಮರಾಠಿಯಲ್ಲಿ ಅಂದರು. ನಾಲ್ಕು ಸಾವಿರ ಎಣಿಸಿದೆ.

ಮಾವನಿಗೆ ತೋರಿಸಿದಾಗ ಅವರು ಕೇಳಿದ್ದು, "ಇದು ಯಾವ ದೇಶದ ಉಪಗ್ರಹ?" ಅಮೆರಿಕದ್ದೂ ಹಿಡಿಯುತ್ತದೆ, ರಷ್ಯಾದ್ದೂ ಹಿಡಿಯುತ್ತದೆ ಎಂದೆ. "ಇದರೊಳಗಾದರೂ ಇಬ್ಬರೂ ಒಟ್ಟಿಗೆ ಕೆಲಸ ಮಾಡ್ತಾರಲ್ಲ ಮಾರಾಯ" ಅಂದರು. ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದೆ, ಅದರ ಒಂದು ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ, ಕೆಲವು ಫೋನುಗಳಲ್ಲಿ ಅದು ಸಿಗುತ್ತದೆ ಅಂತಲೂ ಹೇಳಿದೆ. ಅವರಿಗೆ ಸಮಾಧಾನವಾಯಿತು. ನೇರಳ್‌ನಲ್ಲಿ ಅವರ ಗೆಳೆಯರ ತೋಟವಿದೆ. "ಮುಂದಿನ ವಾರ ಅಲ್ಲಿ ನಾನೇ ಒಂದು ಡಬ್ಬಿ ಇಡ್ತೇನೆ. ಹುಡುಕು ನೋಡುವ" ಎಂದರು.

ಶನಿವಾರ ರಾತ್ರಿ ಫೋನು ಮಾಡಿ ಅಂಕಿ ಹೇಳಿದರು. ಉತ್ತರ 19.02 ಚಿಲ್ಲರೆ, ಪೂರ್ವ 73.31 ಚಿಲ್ಲರೆ. ನಾನು ಹಾಗೇ ತುಂಬಿಕೊಂಡೆ. ಭಾನುವಾರ ತೋಟದ ಗೇಟಿನಲ್ಲಿ ಯಂತ್ರ ಆನ್ ಮಾಡಿದರೆ ಡಬ್ಬಿ 22 ಕಿಲೋಮೀಟರ್ ಪೂರ್ವಕ್ಕಿದೆ ಅಂತ ಬಾಣ ಘಾಟಿನ ಕಡೆ ತಿರುಗಿ ನಿಂತಿತು. ನಕ್ಷೆ ನೋಡಿದರೆ ಭೀಮಾಶಂಕರದ ಹತ್ತಿರ!

"ನಾನು ಪಂಪ್‌ಸೆಟ್ ಹತ್ತಿರ ಇಟ್ಟದ್ದು. ನಿನ್ನ ಯಂತ್ರ ಜ್ಯೋತಿರ್ಲಿಂಗ ದರ್ಶನಕ್ಕೆ ಹೊರಟಿದೆ" ಎಂದರು ಮಾವ.

ಹೊಸಬರು ಬೀಳುವ ಗುಂಡಿಯೇ ಇದು. ಮಾವ ಹೇಳಿದ್ದು ಮೊಬೈಲಿನ ನಕ್ಷೆಯ ಅಂಕಿ, ಅದು ಡಿಗ್ರಿಯ ದಶಮಾಂಶ. ಜಿಯೋಕ್ಯಾಶಿಂಗಿನಲ್ಲಿ, ನನ್ನ ಯಂತ್ರದಲ್ಲಿ ನಡೆಯುವುದು ಡಿಗ್ರಿ ಮತ್ತು ನಿಮಿಷ. 73.31 ಅಂದರೆ 73 ಡಿಗ್ರಿ 31 ನಿಮಿಷ ಅಲ್ಲ. ಚುಕ್ಕಿಯ ನಂತರದ ಭಾಗವನ್ನು ಅರವತ್ತರಿಂದ ಗುಣಿಸಬೇಕು. ಆಗ ಬರುವುದು 18 ನಿಮಿಷ ಚಿಲ್ಲರೆ. ನಾನು ಹಗಲೆಲ್ಲ ಲೆಕ್ಕಪತ್ರ ಬರೆದು ಸಂಬಳ ತಗೊಳ್ಳುವವನು. ಮಗಳು ಗುಣಿಸಿ ಕೊಟ್ಟಳು.

ಆಮೇಲೆ ಯಂತ್ರ ಮಾತು ಕೇಳಿತು. 90 ಮೀಟರ್, 40, 15. ಮಾವಿನ ಮರದ ಕೆಳಗೆ 6 ಅಂದಿತು, ನಿಂತೆ, 11 ಅಂದಿತು, ಮತ್ತೆ 4. ಬಾಣ ಗಿರಗಿರ ಸುತ್ತಿತು. ಹಿಂದೆ ಹೋಗಿ ಎರಡು ಗೆರೆ ಎಳೆದೆ. ಅಷ್ಟರಲ್ಲಿ ಮಗಳು ಪಂಪ್‌ಸೆಟ್ ಹಿಂದಿನ ಕಲ್ಲುಗಳಲ್ಲಿ ಒಂದಕ್ಕೆ ಮಾತ್ರ ಪಾಚಿ ಕೆಳಬದಿಯಲ್ಲಿದೆ ಅಂತ ಕಂಡುಹಿಡಿದಳು. ಕಲ್ಲನ್ನು ಮಗುಚಿ ಇಟ್ಟಿದ್ದರು ಮಾವ. ಯಂತ್ರ ತೋರಿಸಿದ ಜಾಗದಿಂದ ಅಲ್ಲಿಗೆ ಒಂಬತ್ತು ಹೆಜ್ಜೆ.

ಸ್ಟೀಲ್ ಡಬ್ಬಿ. ಒಳಗೆ ಹೋಟೆಲಿನ ಬಿಲ್ ಪುಸ್ತಕ, ಒಂದು ಪೆನ್ಸಿಲ್, ಎರಡು ಚಿಕ್ಕಿ, ಹತ್ತು ರೂಪಾಯಿಯ ಒಂದು ನಾಣ್ಯ. ಮಗಳು ಬಿಲ್ಲಿನ ಮೊದಲ ಹಾಳೆಯಲ್ಲಿ ಹೆಸರು, ತಾರೀಕು ಬರೆದಳು. ಚಿಕ್ಕಿ ತೆಗೆದುಕೊಂಡು ತನ್ನ ತಲೆಯ ಕ್ಲಿಪ್ ಇಟ್ಟಳು. ಮಾವ ನಾಣ್ಯ ಎತ್ತಿ ಅಂಗಿ ಜೇಬಿಗೆ ಹಾಕಿಕೊಂಡರು.

"ಕ್ಯಾಶ್ ಸಿಕ್ಕಿತಲ್ಲ" ಎಂದರು.

"ಅಜ್ಜ, ಏನಾದರೂ ಇಡಬೇಕು. ಅಷ್ಟೇ ಬೆಲೆಯದ್ದು" ಎಂದಳು ಮಗಳು.

ಮಾವ ಜೇಬೆಲ್ಲ ತಡಕಾಡಿ ಹೋಟೆಲಿನ ಬಡೇಸೋಪಿನ ಒಂದು ಪುಟ್ಟ ಪ್ಯಾಕೆಟ್ ತೆಗೆದು ಡಬ್ಬಿಯೊಳಗೆ ಇಟ್ಟರು. ಮಗಳು ಅದನ್ನೂ ನಾಣ್ಯವನ್ನೂ ನೋಡಿದಳು. ಮಾವ ನಿಧಾನಕ್ಕೆ ಇನ್ನೊಂದು ಪ್ಯಾಕೆಟ್ ತೆಗೆದರು.